ಚಿಮಣಿ ಹತ್ತಿದ ಕಥೆ

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)

ಸ್ಕ್ರೀನ್ ಮೇಲೆ ಕಾಣುತ್ತಿರುವ ಅಕ್ಕ ತಂಗಿಯರಿಗೆ ಒಂದು ನಮಸ್ಕಾರ. ಕ್ಯಾಮೆರಾ ಆಫ್ ಮಾಡಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರಿಗೆ ಇನ್ನೊಂದು.

ಕಳೆದ ತಿಂಗಳು ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, "ನೀನು ಐಟಿಯವಳು, ಮನೆ ಮತ್ತು ಆಫೀಸು ಎರಡನ್ನೂ ಹೇಗೆ ತೂಗಿಸ್ತೀಯ ಅಂತ ಮಾತಾಡು" ಅಂದರು. ನಾನು ತೂಗಿಸೋದಿಲ್ಲ ಅಕ್ಕ, ನಮ್ಮನೆ ಸಿಂಕ್ ನೋಡಿದರೆ ಗೊತ್ತಾಗುತ್ತೆ ಅಂದೆ. ಹಾಗಾದರೆ ನಿನಗೆ ಗೊತ್ತಿರೋದನ್ನ ಹೇಳು ಅಂದರು. ನನಗೆ ಸರಿಯಾಗಿ ಗೊತ್ತಿರುವುದು ಹೊಗೆ. ಎಂ.ಟೆಕ್ ಮಾಡಿದ್ದು ಪರಿಸರ ಎಂಜಿನಿಯರಿಂಗ್‌ನಲ್ಲಿ. ಐಟಿಗೆ ಬರುವ ಮೊದಲು ಎರಡು ವರ್ಷ ನಾಸಿಕ್‌ನ ಅಂಬಡ್‌ನಲ್ಲಿ ಚಿಮಣಿ ಹತ್ತಿ ಹೊಗೆ ಅಳೆದಿದ್ದೇನೆ. ಅಂಬಡ್ ಅಂದರೆ ಮಹಾರಾಷ್ಟ್ರದಲ್ಲಿ ಎರಡಿವೆ. ಒಂದು ಸಂಭಾಜಿನಗರದ ಕಡೆ, ಜಾಲನಾ ಜಿಲ್ಲೆಯ ಮತ್ಸ್ಯೋದರಿ ದೇವಿಯ ಊರು. ನಾನು ಹೇಳುತ್ತಿರುವುದು ಇನ್ನೊಂದು: ಪಾಂಡವಲೇಣಿ ಗುಡ್ಡದಿಂದ ಸ್ವಲ್ಪವೇ ದೂರದಲ್ಲಿರುವ ಎಂಐಡಿಸಿ, ಕೈಗಾರಿಕಾ ಪ್ರದೇಶ.

ಮರಾಠಿಯಲ್ಲಿ ಚಿಮಣಿ ಅಂದರೆ ಹೊಗೆಗೊಳವೆಯೂ ಹೌದು, ಗುಬ್ಬಚ್ಚಿಯೂ ಹೌದು. ‘ಮೋಜಣೆ’ ಅಂದರೆ ಅಳೆಯುವುದೂ ಹೌದು, ಎಣಿಸುವುದೂ ಹೌದು. ಬಾಲವಾಡಿಯಲ್ಲಿ ಟೀಚರು ನಿಮ್ಮಮ್ಮ ಮೊದಲು ಏನು ಕೆಲಸ ಮಾಡುತ್ತಿದ್ದಳು ಅಂತ ಕೇಳಿದಾಗ ನನ್ನ ಮಗಳು "ಆಯಿ ಚಿಮಣ್ಯಾ ಮೋಜಾಯಚೀ" ಅಂದಳಂತೆ. ಅಮ್ಮ ಗುಬ್ಬಚ್ಚಿ ಎಣಿಸುತ್ತಿದ್ದಳು ಅಂತ! ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರು ನನ್ನನ್ನು ಪಕ್ಷಿತಜ್ಞೆ ಅಂತಲೇ ಪರಿಚಯಿಸಿದರು. ನಾನೂ ತಿದ್ದಲಿಲ್ಲ.

ನಮ್ಮೂರು ದಾವಣಗೆರೆ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. ಆ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ಒಂದು ಕಾಲಕ್ಕೆ ಹಳೇ ಟೈರ್ ಉರಿಸುತ್ತಿದ್ದರು. ಸೌದೆಗಿಂತ ಅಗ್ಗ, ಕಾವೂ ಜಾಸ್ತಿ. ಗಾಳಿ ನಮ್ಮ ಕಡೆ ತಿರುಗಿದ ದಿನ ಅಮ್ಮ ಬಟ್ಟೆ ಒಣಹಾಕುವ ಮೊದಲು ಹಗ್ಗದ ಮೇಲೆ ಒದ್ದೆ ಬಟ್ಟೆ ಎಳೆಯುತ್ತಿದ್ದಳು. ಬಟ್ಟೆಯಲ್ಲಿ ಕಪ್ಪು ಗೆರೆ ಮೂಡಿದರೆ ಅವತ್ತು ಬಿಳಿ ಪಂಚೆ ಒಗೆಯುತ್ತಿರಲಿಲ್ಲ. ನನಗೆ ಕೆಲಸ ಸಿಕ್ಕಿತು, ಹೊಗೆ ಅಳೆಯೋದು ಅಂದಾಗ ಅವಳು ಕೇಳಿದ್ದು ಒಂದೇ: "ಅಲ್ಲವ್ವಾ, ಹೊಗೆ ನೋಡಾಕೂ ಸಂಬಳ ಕೊಡ್ತಾರಾ? ನಾ ಇಪ್ಪತ್ತು ವರ್ಷದಿಂದ ಪುಕ್ಕಟೆ ನೋಡ್ತಾ ಬಂದೀನಲ್ಲ!"

ಹೊಗೆ ನೋಡುವುದಕ್ಕೆ ಸಂಬಳ ಕೊಡುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1863ರಲ್ಲಿ ಅಲ್ಕಲಿ ಕಾಯ್ದೆ ಬಂತು. ಸೋಡಾ ಕಾರ್ಖಾನೆಗಳು ಬಿಡುವ ಹೈಡ್ರೋಕ್ಲೋರಿಕ್ ಆಮ್ಲದ ಅನಿಲದಲ್ಲಿ ಶೇಕಡಾ 95ರಷ್ಟನ್ನು ತಡೆಯಲೇಬೇಕು ಅಂತ ಹೇಳಿದ ಕಾಯ್ದೆ ಅದು. ಅದರ ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನ ವಿಜ್ಞಾನಿ; ‘ಆಮ್ಲ ಮಳೆ’ ಎಂಬ ಮಾತು ಬಂದದ್ದು ಅವರಿಂದ. ನಮ್ಮಲ್ಲಿ 1905ರಲ್ಲಿ ಬಂಗಾಳಕ್ಕೆ, 1912ರಲ್ಲಿ ಬಾಂಬೆಗೆ ಹೊಗೆ ಉಪದ್ರವದ ಕಾಯ್ದೆ ಬಂದವು. ಆಗಿನ ಕಾಲದ ಅಳತೆಗೋಲು ರಿಂಗಲ್‌ಮನ್ ಚಾರ್ಟ್: ಒಂದು ಕಾರ್ಡಿನ ಮೇಲೆ ಹಗುರದಿಂದ ಗಾಢದವರೆಗೆ ಗೆರೆಗಳ ಜಾಲ. ದೂರದಲ್ಲಿ ನಿಂತು ಹೊಗೆಯ ಕಪ್ಪನ್ನು ಕಾರ್ಡಿನ ಕಪ್ಪಿಗೆ ಹೋಲಿಸಿ ನಂಬರ್ ಕೊಡುವುದು. ಅಮ್ಮನ ಹಗ್ಗದ ಬಟ್ಟೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ನೋಡಿ. ಇನ್ನು ಹೆಂಗಸರಿಗೂ ಇನ್ಸ್‌ಪೆಕ್ಟರ್ ಕೆಲಸಕ್ಕೂ ಏನು ಸಂಬಂಧ ಅನ್ನುವವರಿಗೆ: 1895ರಲ್ಲಿ ಷಿಕಾಗೋದಲ್ಲಿ ಜೇನ್ ಆಡಮ್ಸ್ ತಮ್ಮ ವಾರ್ಡಿಗೆ ಕಸದ ಇನ್ಸ್‌ಪೆಕ್ಟರ್ ಆಗಿ, ಬೆಳಿಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. ಮುಂದೆ 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಕಸಕ್ಕಲ್ಲ, ಬೇರೆ ಕೆಲಸಕ್ಕೆ.

ಈಗ ನಮ್ಮಲ್ಲಿ ಇನ್ಸ್‌ಪೆಕ್ಟರ್ ಎಂಬ ಹೆಸರಿಲ್ಲ. ಮಹಾರಾಷ್ಟ್ರದ ಮಂಡಳಿಯಲ್ಲಿ ಫೀಲ್ಡ್ ಆಫೀಸರ್, ನಮ್ಮ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿ. 1981ರ ವಾಯು ಕಾಯ್ದೆಯ 24ನೇ ಸೆಕ್ಷನ್ ಅವರಿಗೆ ಯಾವುದೇ ಕಾರ್ಖಾನೆಯ ಒಳಗೆ ಹೋಗಿ ನೋಡುವ ಅಧಿಕಾರ ಕೊಟ್ಟಿದೆ. ಆದರೆ ಒಬ್ಬೊಬ್ಬ ಅಧಿಕಾರಿಯ ಪಾಲಿಗೆ ಎಷ್ಟೋ ಕಾರ್ಖಾನೆ. ಹಾಗಾಗಿ ಕಾರ್ಖಾನೆಗಳೇ ಆಗಾಗ ಖಾಸಗಿ ಲ್ಯಾಬ್ ಕರೆಸಿ ಹೊಗೆ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು ಅಂತ ಸಮ್ಮತಿ ಪತ್ರದಲ್ಲಿ ಷರತ್ತು ಇರುತ್ತದೆ. ನಾನು ಅಂಥ ಒಂದು ಲ್ಯಾಬಿನಲ್ಲಿ ಫೀಲ್ಡ್ ಎಂಜಿನಿಯರ್. ಮದುವೆಯಾಗಿ ನಾಸಿಕ್‌ಗೆ ಬಂದಿದ್ದೆ, ಮರಾಠಿ ಬರುತ್ತಿರಲಿಲ್ಲ, ಸಿಕ್ಕಿದ ಮೊದಲ ಕೆಲಸ.

ಮೊದಲು ಹತ್ತಿದ ಚಿಮಣಿ 30 ಮೀಟರಿನದು. ಅಳೆಯುವ ರಂಧ್ರ ಇರುವ ಕಟ್ಟೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ಹತ್ತಿರ ಹತ್ತಿರ ಆರನೇ ಮಹಡಿ ಎತ್ತರ. ಕಬ್ಬಿಣದ ಏಣಿ, ಬಿಸಿಲಿಗೆ ಕಾದಿರುತ್ತದೆ. ಪಂಪು, ಕೊಳವೆ, ಪೆಟ್ಟಿಗೆ ಎಲ್ಲ ಹಗ್ಗ ಕಟ್ಟಿ ಎಳೆದುಕೊಳ್ಳಬೇಕು. ಮೇಲೆ ನಿಂತರೆ ಒಂದು ಕಡೆ ಪಾಂಡವಲೇಣಿ, ಇನ್ನೊಂದು ಕಡೆ ಸಿಡ್ಕೋದ ಮನೆಗಳು, ಸಾತಪುರದ ಕಡೆ ಇನ್ನಷ್ಟು ಶೆಡ್ಡುಗಳು. ಕಾರ್ಖಾನೆಯ ಹುಡುಗರು ಕೆಳಗೆ ನಿಂತು ಈ ಹೆಣ್ಣುಮಗಳು ಯಾವಾಗ ಇಳಿಯುತ್ತಾಳೆ ಅಂತ ನೋಡುತ್ತಿದ್ದರು. ನಾನು ಇಳಿಯುವ ಹಾಗಿರಲಿಲ್ಲ, ಯಾಕೆಂದರೆ ಕೆಳಗೆ ಹೆಂಗಸರಿಗೆ ಟಾಯ್ಲೆಟ್ಟೂ ಇರಲಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ ಹೋಗುವುದು ರೂಢಿಯಾಯಿತು. ಇದನ್ನು ಯಾವ ಟ್ರೈನಿಂಗ್ ಮ್ಯಾನ್ಯುಯಲ್‌ನಲ್ಲೂ ಬರೆದಿಲ್ಲ.

ಅಳೆಯುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಮಾತಿಗೆ ಇದು ಬೇಕು. ಥಿಂಬಲ್ ಅಂತ ಒಂದು ಸಣ್ಣ ಚೀಲದಂಥ ಫಿಲ್ಟರ್. ಅದನ್ನು ಒಣಗಿಸಿ ತೂಕ ಮಾಡಿ ಕೊಳವೆಯಲ್ಲಿಟ್ಟು ಚಿಮಣಿಯೊಳಗೆ ಇಳಿಸುತ್ತೇವೆ. ಹೊಗೆಯನ್ನು ಅದರ ಮೂಲಕ ಎಳೆದು, ವಾಪಸ್ ತಂದು, ಮತ್ತೆ ಒಣಗಿಸಿ ತೂಗುತ್ತೇವೆ. ಹೆಚ್ಚಾದ ತೂಕವೇ ದೂಳು. ಆದರೆ ಹೊಗೆ ಮೇಲೇರುವ ವೇಗದಲ್ಲೇ ನಾವೂ ಎಳೆಯಬೇಕು. ನಿಧಾನವಾಗಿ ಎಳೆದರೆ ದಪ್ಪ ಕಣಗಳು ತಮ್ಮ ಓಟದಲ್ಲೇ ಬಂದು ಕೊಳವೆಯೊಳಗೆ ಬೀಳುತ್ತವೆ, ಲೆಕ್ಕ ಹೆಚ್ಚಾಗುತ್ತದೆ. ಜೋರಾಗಿ ಎಳೆದರೆ ಅಕ್ಕಪಕ್ಕದ ಅನಿಲ ಒಳಗೆ ತಿರುಗುತ್ತದೆ, ದಪ್ಪ ಕಣ ತಿರುಗಲಾರದೆ ನೇರ ಮೇಲೆ ಹೋಗಿಬಿಡುತ್ತದೆ, ಲೆಕ್ಕ ಕಡಿಮೆಯಾಗುತ್ತದೆ. ಅಂದರೆ ಪಂಪಿನ ತಿರುಪು ಒಂದಿಷ್ಟು ಆಚೀಚೆ ಆದರೂ ಸಾಕು. ಇನ್ನು ಕೆಲವರು ತಿರುಪಿನ ತಂಟೆಗೂ ಹೋಗುವುದಿಲ್ಲ. ಲ್ಯಾಬಿನವರು ಬರುವ ದಿನ ಬಾಯ್ಲರನ್ನು ಅರ್ಧ ಲೋಡಿನಲ್ಲಿ ಓಡಿಸಿದರೆ ಮುಗಿಯಿತು.

ನಾನು ಸೇರಿದ ನಾಲ್ಕನೇ ತಿಂಗಳು. ಒಂದು ಕಾರ್ಖಾನೆಯ ಬಾಯ್ಲರ್. ಯಾವುದು ಅಂತ ಹೇಳುವುದಿಲ್ಲ. ಸಮ್ಮತಿ ಪತ್ರದಲ್ಲಿ ದೂಳಿನ ಮಿತಿ ಪ್ರತಿ ಘನ ಮೀಟರಿಗೆ 150 ಮಿಲಿಗ್ರಾಂ. ನಾನು ಅಳೆದದ್ದು, ಮೂರು ಸಲ ಲೆಕ್ಕ ಹಾಕಿದ್ದು, 196. ಹಾಗೆಂದು ಬರೆದು ಕೊಟ್ಟೆ. ಸಂಜೆ ಸೀನಿಯರ್ ಕರೆದು, ಸಿಟ್ಟೇನೂ ಇಲ್ಲದೆ, ಚಹಾ ಕೊಟ್ಟು ಕೇಳಿದರು: "ಮ್ಯಾಡಮ್, ನಮ್ಮ ಬಿಲ್ ಯಾರು ಕೊಡ್ತಾರೆ?" ವರದಿ ಟೈಪಾಗಿ ಬಂದಾಗ ಅದರಲ್ಲಿ 142 ಇತ್ತು. 149 ಅಂದರೆ ಅನುಮಾನ ಬರುತ್ತೆ, 90 ಅಂದರೆ ಯಾರೂ ನಂಬಲ್ಲ, 142 ಸರಿ ಅಂತ ಪಾಠವನ್ನೂ ಹೇಳಿಕೊಟ್ಟರು. ‘ಸ್ಯಾಂಪಲ್ ತೆಗೆದವರು’ ಅನ್ನುವ ಜಾಗದಲ್ಲಿ ನನ್ನ ಹೆಸರು. ಸಹಿ ಹಾಕಿದೆ.

ಒತ್ತಾಯ ಮಾಡಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಪೆನ್ನು ನನ್ನದೇ. ಮನೆಯ ಸಾಲ ಆಗಷ್ಟೇ ಶುರುವಾಗಿತ್ತು, ಗಂಡನ ಕಂಪನಿಯಲ್ಲಿ ಸಂಬಳ ತಡವಾಗುತ್ತಿತ್ತು, ಇವೆಲ್ಲ ಇದ್ದವು. ಆದರೆ ಸಹಿ ಹಾಕುವಾಗ ಅವು ಯಾವುವೂ ತಲೆಯಲ್ಲಿರಲಿಲ್ಲ. ಚಹಾ ಕೊಟ್ಟವರ ಮುಂದೆ ಇಲ್ಲ ಅನ್ನಲು ಮುಜುಗರವಾಯಿತು, ಅಷ್ಟೇ. ನಮ್ಮನ್ನು ಬೆಳೆಸಿರುವುದೇ ಹಾಗಲ್ಲವೇ, ಯಾರಿಗೂ ಬೇಜಾರು ಮಾಡಬಾರದು ಅಂತ.

ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಮಾವಶಿ ಚುಂಚಾಳೆ ಕಡೆಯವರು. ಅಂಬಡ್ ಶೆಡ್ಡುಗಳ ಮಗ್ಗುಲಿನಲ್ಲೇ ಮನೆ. ಆ ಚಳಿಗಾಲದಲ್ಲಿ ಅವರು ವಾರಕ್ಕೆ ಎರಡು ದಿನ ತಪ್ಪಿಸತೊಡಗಿದರು. ಮೊಮ್ಮಗನಿಗೆ ಉಬ್ಬಸ, ರಾತ್ರಿ ದವಾಖಾನೆಗೆ ಓಡಿ ನೆಬ್ಯುಲೈಜರ್ ಹಿಡಿಸಿಕೊಂಡು ಬರುತ್ತಿದ್ದರು. ರಾತ್ರಿ ಕಿಟಕಿ ತೆಗೆಯೋ ಹಾಗಿಲ್ಲ ತಾಯಿ, ಬೆಳಿಗ್ಗೆ ಚಾಪೆ ಮೇಲೆ ಕೈ ಇಟ್ಟರೆ ಕಪ್ಪು ಅಂದರು. ಆ ಬಾಯ್ಲರಿಗೂ ಆ ಮಗುವಿನ ಉಸಿರಿಗೂ ಗಂಟು ಹಾಕುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಸುತ್ತ ನೂರಾರು ಕಾರ್ಖಾನೆ, ಮುಂಬೈ ಆಗ್ರಾ ಹೆದ್ದಾರಿಯ ಲಾರಿಗಳು, ಮನೆಯೊಳಗಿನ ಒಲೆ. ಸಾಕ್ಷಿ ಆಗಬಹುದಾಗಿದ್ದ ಒಂದು ಕಾಗದಕ್ಕೆ ಮಾತ್ರ ನಾನು ಬೇರೆ ನಂಬರ್ ಬರೆದು ಸಹಿ ಹಾಕಿದ್ದೆ. ಮಾವಶಿಗೆ ಹೇಳಲಿಲ್ಲ. ಸಂಬಳದಲ್ಲಿ ರಜೆ ಹಿಡಿಯಲಿಲ್ಲ, ಅದೊಂದು ಮಾಡಿದೆ.

ತಕ್ಷಣ ರಾಜೀನಾಮೆ ಬಿಸಾಡಿದೆ ಅಂತ ಹೇಳಿದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ. ಇಲ್ಲ, ಇನ್ನೂ ಒಂದೂವರೆ ವರ್ಷ ಅಲ್ಲೇ ಇದ್ದೆ. ಅಂಥ ವರದಿ ಬಂದರೆ ಸಹಿಯನ್ನು ಬೇರೆಯವರಿಗೆ ದಾಟಿಸುವುದನ್ನು ಕಲಿತೆ. ಅದೇನು ದೊಡ್ಡ ಪ್ರಾಮಾಣಿಕತೆ ಅಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಏಣಿ ಹತ್ತುವುದು ನಿಂತಿತು, ಕೆಲಸವೂ ನಿಂತಿತು.

ಆಮೇಲೆ ಒಂದು ಅಧ್ಯಯನ ಓದಿದೆ. ಎಸ್ತರ್ ಡುಫ್ಲೋ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರು, ಸಂಗಡಿಗರ ಜೊತೆ ಗುಜರಾತಿನ ಅಹಮದಾಬಾದ್ ಮತ್ತು ಸೂರತ್‌ನಲ್ಲಿ 473 ಕಾರ್ಖಾನೆಗಳನ್ನಿಟ್ಟುಕೊಂಡು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಕಾರ್ಖಾನೆಯವರೇ ಆಡಿಟರನ್ನು ಆರಿಸಿ ದುಡ್ಡು ಕೊಟ್ಟ ಕಡೆ, ದೂಳಿನ ವರದಿಗಳೆಲ್ಲ 150ರ ಮಿತಿಯ ಸ್ವಲ್ಪ ಕೆಳಗೆ ಗುಂಪುಗೂಡಿದ್ದವು. ಆ ಗ್ರಾಫ್ ನೋಡಿ ನನಗೆ ಕೈ ತಣ್ಣಗಾಯಿತು. ನನ್ನ 142 ಆ ಗುಂಪಿನಲ್ಲೇ ಕೂತಿರುವಂತೆ ಕಂಡಿತು. ಇನ್ನರ್ಧದಷ್ಟು ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿದ ಹಾಗೆ ನೇಮಿಸಿದರು, ದುಡ್ಡನ್ನು ಎಲ್ಲರಿಗೂ ಸೇರಿದ ಒಂದು ನಿಧಿಯಿಂದ ಒಂದೇ ದರದಲ್ಲಿ ಕೊಟ್ಟರು, ಹಿಂದೆಯೇ ಇನ್ನೊಬ್ಬರು ಹೋಗಿ ಮರುಪರೀಕ್ಷೆ ಮಾಡಿದರು. ಆಡಿಟರುಗಳು ನಿಜ ಬರೆಯತೊಡಗಿದರು. ಅಷ್ಟೇ ಅಲ್ಲ, ಕಾರ್ಖಾನೆಗಳು ಹೊಗೆಯನ್ನೂ ಇಳಿಸಿದವು. ಊರು ಅದೇ, ಉಪಕರಣ ಅದೇ. ಬಿಲ್ ಕೊಡುವವರು ಬದಲಾದರು. ನನ್ನ ಸೀನಿಯರ್ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ನೋಡಿ.

ಮಗಳಿಗೆ ಎರಡು ತುಂಬಿದ ಮೇಲೆ ಐಟಿಗೆ ಬಂದೆ. ಕೇಂದ್ರ ಮಂಡಳಿ 2014ರ ಫೆಬ್ರವರಿಯಲ್ಲಿ ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ಚಿಮಣಿಯಲ್ಲೇ ಸದಾ ಅಳೆಯುವ ಯಂತ್ರ ಕೂರಿಸಿ ಡೇಟಾವನ್ನು ನೇರ ಸರ್ವರಿಗೆ ಕಳಿಸಬೇಕು ಅಂತ ಹೇಳಿತ್ತು. ಆ ಡೇಟಾ ಹಿಡಿಯುವ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿಗೆ ಸೇರಿದೆ. ಕಂಪ್ಯೂಟರಿಗೆ ಯಾರೂ ಚಹಾ ಕೊಡಲಾರರು ಅಂದುಕೊಂಡಿದ್ದೆ. ಎಷ್ಟು ಅಮಾಯಕಳು! ಯಂತ್ರದ ಗರಿಷ್ಠ ಮಿತಿಯನ್ನೇ 150ಕ್ಕೆ ಇಟ್ಟರೆ ಅದು 151 ಹೇಳುವುದೇ ಇಲ್ಲ. ‘ಕ್ಯಾಲಿಬ್ರೇಷನ್ ನಡೆಯುತ್ತಿದೆ’ ಎಂಬ ಗುಂಡಿ ಒತ್ತಿಟ್ಟು ಮೂರು ದಿನ ಮರೆತರೆ ಆ ಮೂರು ದಿನ ಲೆಕ್ಕಕ್ಕಿಲ್ಲ. ಅಳೆಯುವ ಕೊಳವೆಯನ್ನು ಒಂದಡಿ ಹಿಂದಕ್ಕೆ ಎಳೆದರೆ ಅದು ಹೊಗೆ ಬಿಟ್ಟು ಬೇರೆ ಗಾಳಿ ಅಳೆಯುತ್ತದೆ.

ನಾನೊಂದು ಸಣ್ಣ ನಿಯಮ ಬರೆದೆ: ಒಂದೇ ಸಂಖ್ಯೆ ಆರು ಗಂಟೆ ಕದಲದೆ ನಿಂತರೆ ಎಚ್ಚರಿಕೆ ಕೊಡು. ಬೆಂಕಿಯ ಹೊಗೆ ಯಾವತ್ತೂ ಒಂದೇ ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ಮೊದಲ ತಿಂಗಳೇ ಗ್ರಾಹಕರಿಂದ ಗಲಾಟೆ, ತೆಗೆಯಿರಿ ಅಂತ. ಎರಡು ಮೀಟಿಂಗ್ ಆಯಿತು. ಈ ಸಲ ಚಹಾ ಕುಡಿದೂ ಇಲ್ಲ ಅಂದೆ. ಕೊನೆಗೆ ರಾಜಿಯಾಯಿತು: ನಿಯಮ ಉಳಿಯಲಿ, ಆದರೆ ಎಚ್ಚರಿಕೆ ಕೆಂಪಕ್ಷರದಲ್ಲಿ ಬೇಡ, ಬೂದು ಬಣ್ಣದಲ್ಲಿ, ವರದಿಯ ಮೂರನೇ ಪುಟದಲ್ಲಿ ಬರಲಿ. ಮೂರನೇ ಪುಟ ಯಾರು ನೋಡುತ್ತಾರೆ? ನಾನೂ ಒಪ್ಪಿಕೊಂಡೆ.

ಒಬ್ಬರು ನೋಡಿದರು. ಒಂದು ಡಿಸೆಂಬರ್ ಮಧ್ಯಾಹ್ನ ಫೀಲ್ಡ್ ಆಫೀಸರ್ ಒಬ್ಬರ ಫೋನ್ ಬಂತು, ಹೆಣ್ಣು ದನಿ. "ಈ ಘಟಕದಲ್ಲಿ ದಿನಾ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ 38.6 ಅಂತ ಬರ್ತಿದೆ. ಇದು ನಿಮ್ಮ ಸಾಫ್ಟ್‌ವೇರ್ ತಪ್ಪಾ, ಇಲ್ಲಾ ನಿಜವಾಗಿ ಹಾಗಿದೆಯಾ?" ಸಾಫ್ಟ್‌ವೇರ್ ತಪ್ಪಲ್ಲ ಅಂದೆ. ಹಾಗಾದರೆ ಡೇಟಾ ಲಾಗರ್ ನೋಡಲು ನೀವೂ ಬನ್ನಿ ಅಂದರು.

ಜನವರಿ. ನಾಸಿಕ್ ಚಳಿ ಅಂದರೆ ದ್ರಾಕ್ಷಿ ತೋಟದವರು ಬೆಳೆ ಉಳಿಸಿಕೊಳ್ಳಲು ನಸುಕಿನಲ್ಲಿ ಬೆಂಕಿ ಹಾಕುವಂಥ ಚಳಿ. ಬೆಳಿಗ್ಗೆ ಐದೂವರೆಗೆ ಗೇಟಿನ ಮುಂದೆ ಜೀಪು ನಿಂತಿತು. ಆ ಹೊತ್ತಿನಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ಹೊಗೆ ಮೇಲೇರದೆ ಅಡ್ಡಡ್ಡ ಹರಡುತ್ತದೆ. ವಾಚ್‌ಮನ್ ಸಾಹೇಬರಿಲ್ಲ, ಹತ್ತಕ್ಕೆ ಬನ್ನಿ ಅಂದ. ಆಫೀಸರ್ ದನಿ ಏರಿಸಲಿಲ್ಲ. "ಸಾಹೇಬರು ಬೇಡ, ಚಿಮಣಿ ಇದೆಯಲ್ಲ, ಗೇಟ್ ತೆಗಿ" ಅಂದರು. ಐವತ್ತರ ಹತ್ತಿರದವರು, ಮೊಣಕಾಲು ನೋವಂತೆ, ಏಣಿ ಹತ್ತುವಾಗ ಪ್ರತಿ ಮೆಟ್ಟಿಲಿಗೂ ಸಣ್ಣಗೆ ಏನೋ ಬೈದುಕೊಳ್ಳುತ್ತಿದ್ದರು. ಕೊಳವೆ ಹೊರಗೆ ಎಳೆದಿತ್ತು. ಬ್ಯಾಗ್ ಫಿಲ್ಟರ್ ಬೈಪಾಸ್‌ನಲ್ಲಿತ್ತು. ಲ್ಯಾಬಿನ ಇಬ್ಬರು ಥಿಂಬಲ್ ಇಳಿಸಿದರು. ನಾನು ಟಾರ್ಚ್ ಹಿಡಿದಿದ್ದೆ.

ಆಮೇಲೆ ಅವರು ಮಾಡಿದ್ದನ್ನು ಕಣ್ಣಾರೆ ನೋಡಬೇಕಿತ್ತು ನೀವು. 26ನೇ ಸೆಕ್ಷನ್ ಪ್ರಕಾರ ಸ್ಯಾಂಪಲ್ ಪರೀಕ್ಷೆಗೆ ಕಳಿಸುವುದಾಗಿ ನೋಟಿಸು, ಅವರ ಕಡೆಯವರ ಎದುರಲ್ಲೇ ಸ್ಯಾಂಪಲ್, ಡಬ್ಬಿಗೆ ಗುರುತು, ಸೀಲು, ಎರಡೂ ಕಡೆಯವರ ಸಹಿ. ಇದರಲ್ಲಿ ಒಂದು ತಪ್ಪಿದರೂ ಆ ಫಲಿತಾಂಶ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಚಳಿಗೆ ಬೆರಳು ಮರಗಟ್ಟಿತ್ತು, ಅರಗು ಸರಿಯಾಗಿ ಕೂರಲಿಲ್ಲ ಅಂತ ಮೂರು ಸಲ ತೆಗೆದು ಹಾಕಿದರು. ಶಿಫ್ಟ್ ಇನ್‌ಚಾರ್ಜ್ ಹುಡುಗ ನಡುಗುತ್ತಾ ಸಹಿ ಹಾಕಿದ. ನನ್ನ ಅಂದಿನ ಮುಖ ನೆನಪಾಯಿತು. ನಾನು ಲಾಗರಿನ ಡೇಟಾ ತೆಗೆದು, ದಿನಾಂಕ ವೇಳೆ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಕೊಟ್ಟೆ.

ವಾಪಸ್ ಬರುವಾಗ ಜೀಪಿನಲ್ಲಿ ಯಾಕೋ ತಡೆಯಲಾರದೆ ಆ 142ರ ಕಥೆ ಹೇಳಿಬಿಟ್ಟೆ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ ಇರಬೇಕು. ಅವರು ಕೇಳಿದ್ದು, "ಥಿಂಬಲ್ ತೂಕ ಬರೆದ ಪುಸ್ತಕ ನಿನ್ನ ಹತ್ತಿರ ಇದೆಯಾ?" ಇಲ್ಲ ಅಂದೆ. "ಹ್ಞೂಂ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಡಬ್ಬಿ ತೆಗೆದು ಥಾಲೀಪೀಠ್ ಕೊಟ್ಟರು. ನಾವಿಬ್ಬರೂ ಆಗಲೇ ಮೊದಲ ಸಲ ನೀರು ಕುಡಿದದ್ದು.

ಆ ಘಟಕದ ಫಲಿತಾಂಶ 287 ಬಂತು. ನೋಟಿಸು ಹೋಯಿತು, ಹೊಸ ಬ್ಯಾಗ್ ಫಿಲ್ಟರ್ ಬಂತು. ಈಗ ಅಲ್ಲಿಯ ರಾತ್ರಿಯ ಸಂಖ್ಯೆಗಳು ಕುಣಿಯುತ್ತವೆ, 70, 95, 82 ಹೀಗೆ. ಆ ಗ್ರಾಹಕರು ನಮ್ಮ ಕಂಪನಿಯನ್ನು ಬಿಟ್ಟರು. ಎಚ್ಚರಿಕೆ ಇನ್ನೂ ಮೂರನೇ ಪುಟದಲ್ಲೇ ಇದೆ, ಮೊದಲ ಪುಟಕ್ಕೆ ತರಲು ಪ್ರತಿ ಕ್ವಾರ್ಟರ್ ಒಂದು ಮೇಲ್ ಹಾಕುತ್ತೇನೆ.

ನಿಮ್ಮಲ್ಲಿ ಕೈಗಾರಿಕಾ ಪ್ರದೇಶದ ಹತ್ತಿರ ಇರುವವರು ಬಹಳ ಜನ ಇದ್ದೀರಿ. ದೂರು ಕೊಡುವಾಗ ‘ತುಂಬಾ ಹೊಗೆ ಬರುತ್ತದೆ’ ಅಂತ ಮಾತ್ರ ಬರೆಯಬೇಡಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಗಾಳಿ ಯಾವ ಕಡೆಯಿಂದ, ಬಣ್ಣ ಹೇಗೆ, ಒಂದು ವಾರದ ಟಿಪ್ಪಣಿ ಮಾಡಿ, ಫೋಟೋ ಸಮೇತ ಕೊಡಿ. ಅಧಿಕಾರಿ ಯಾವ ಹೊತ್ತಿಗೆ ಗೇಟಿನ ಮುಂದೆ ನಿಲ್ಲಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು. ಕಾರ್ಖಾನೆಯ ಸಮ್ಮತಿ ಪತ್ರದಲ್ಲಿ ಮಿತಿ ಎಷ್ಟಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಊರಿನ ಗಾಳಿ ನೋಡಲು ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್ ಇದೆ. ಪಿಎಂ 2.5 ದಿನದ ಸರಾಸರಿಗೆ ನಮ್ಮ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಾಸಿಕ್, ನಮ್ಮ ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಬೆಂಗಳೂರು ಎಲ್ಲವೂ 2019ರ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇರುವುದು ಹೆಮ್ಮೆಯ ವಿಷಯ ಅಲ್ಲ ಅಂತ ನಮ್ಮ ಮಾವನವರಿಗೆ ಬಿಡಿಸಿ ಹೇಳಬೇಕಾಯಿತು.

ಅಮ್ಮ ಈಗ ನಮ್ಮ ಜೊತೆ ಅಂಬಡ್‌ನಲ್ಲೇ ಇದ್ದಾಳೆ. ಬಾಲ್ಕನಿಯ ಹಗ್ಗಕ್ಕೆ ಈಗಲೂ ಒದ್ದೆ ಬಟ್ಟೆ ಎಳೆಯುತ್ತಾಳೆ. ಗೆರೆ ಮೂಡಿದ ದಿನ ಲ್ಯಾಪ್‌ಟಾಪ್ ಮುಂದೆ ಕೂತ ನನ್ನ ಹತ್ತಿರ ಅದನ್ನು ಹಿಡಿದು ಬಂದು, "ಇವತ್ತು ಎಷ್ಟು ಅಂತ ಬರ್ಕೋತೀ?" ಅಂತ ಕೇಳುತ್ತಾಳೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದವರು ಮ್ಯೂಟ್ ತೆಗೆದು ಕೇಳಿ.